ಲೈಬ್ರರಿ ಕಾರ್ಡಿನಲ್ಲಿ ಸಿನಿಮಾ: ಕೇಳಿ ನೋಡುವವರಿಗೆ ಕೆಲವು ಸೂತ್ರಗಳು

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಶುಕ್ರವಾರ ರಾತ್ರಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಮೂರು ನಾಲ್ಕು ಓಟಿಟಿಗಳಿಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿರುತ್ತದೆ. ತಟ್ಟೆ ಹಿಡಿದು ಟೀವಿ ಮುಂದೆ ಕೂತವರು ಏನು ನೋಡುವುದೆಂದು ರಿಮೋಟ್ ಒತ್ತುತ್ತಲೇ ಇರುತ್ತಾರೆ. ಅನ್ನ ಸಾರು ಮುಗಿದು ಮೊಸರಿಗೆ ಬಂದರೂ ಸಿನಿಮಾ ಶುರುವಾಗಿರುವುದಿಲ್ಲ. ಅದೇ ಮನೆಯ ಕೀ ಗೊಂಚಲಿನಲ್ಲಿ, ಮಗುವಿನ ಚಿತ್ರಪುಸ್ತಕಕ್ಕೆಂದು ಎಂದೋ ಮಾಡಿಸಿದ ಲೈಬ್ರರಿ ಕಾರ್ಡು ಸುಮ್ಮನೆ ತೂಗುತ್ತಿರುತ್ತದೆ. ಆ ಕಾರ್ಡಿನ ನಂಬರು ಹಾಕಿದರೆ ಸಾವಿರಾರು ಸಿನಿಮಾಗಳು ಪುಕ್ಕಟೆ ತೆರೆದುಕೊಳ್ಳುತ್ತವೆ, ಜಾಹೀರಾತಿನ ಕಾಟವೂ ಇಲ್ಲ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಅವುಗಳಲ್ಲಿ ನಿಮಗೆ ಹೊಂದುವುದು ಯಾವುದೆಂದು ಹೇಳಲು ಸಂಬಳ ಕೊಟ್ಟು ಕೂರಿಸಿದ ಮನುಷ್ಯರಿದ್ದಾರೆ. ಅವರನ್ನು ಬಳಸಿಕೊಳ್ಳುವ ದಾರಿ ಹೀಗಿದೆ.

1. ಕಾರ್ಡು ಮಾಡಿಸಿ, ಪಿನ್ ಬರೆದಿಟ್ಟುಕೊಳ್ಳಿ

ಲೈಬ್ರರಿ ಇರುವ ಊರಿನಲ್ಲೇ ಇದ್ದೀರಿ ಎನ್ನಲು ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ಸಾಮಾನ್ಯವಾಗಿ ಸಾಕು. ದೊಡ್ಡ ಲೈಬ್ರರಿಗಳ ಕೈ ಇನ್ನೂ ಧಾರಾಳ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸ ಇರುವವರು, ಕೆಲಸ ಮಾಡುವವರು, ಓದುವವರು ಯಾರೇ ಆದರೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಕಾರ್ಡು ಪಡೆಯಬಹುದು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್ ನಗರದ ಲೈಬ್ರರಿಗಳು ಕ್ಯಾಲಿಫೋರ್ನಿಯಾದ ಯಾವ ನಿವಾಸಿಗೂ ಕಾರ್ಡು ಕೊಡುತ್ತವೆ. ಅಂದರೆ ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಇರುವವರು ತಮ್ಮೂರಿನದರ ಜೊತೆಗೆ ಇನ್ನೊಂದನ್ನು ನ್ಯಾಯವಾಗಿಯೇ ಇಟ್ಟುಕೊಳ್ಳಬಹುದು. ಯಾವ ಲೈಬ್ರರಿ ಯಾವ ಸಿನಿಮಾ ಸೇವೆಗೆ ದುಡ್ಡು ಕಟ್ಟಿದೆ ಎಂಬುದು ಊರಿಂದೂರಿಗೆ ಬೇರೆಯಾದ್ದರಿಂದ ಎರಡನೇ ಕಾರ್ಡು ಉಪಯೋಗಕ್ಕೆ ಬರುತ್ತದೆ. ಹಾಗಂತ ಬೇರೆ ರಾಜ್ಯದಲ್ಲಿರುವ ಭಾವಮೈದುನನ ವಿಳಾಸ ಕೊಟ್ಟು ಮಾಡಿಸುವ ಜಾಣತನ ಬೇಡ. ಅದು ಆ ಊರಿನವರ ತೆರಿಗೆ ದುಡ್ಡು.

2. ಎರಡು ಹೆಸರು ನೆನಪಿಡಿ: ಕನೋಪಿ, ಹೂಪ್ಲಾ

ಕನೋಪಿ ಹುಟ್ಟಿದ್ದು 2008ರಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ಆಗ ಅದರ ಕೆಲಸ ವಿಶ್ವವಿದ್ಯಾಲಯಗಳಿಗೆ ಡಿವಿಡಿ ಪೂರೈಸುವುದು. ಆ ಮೂಲದ ಗುಣ ಇಂದಿಗೂ ಉಳಿದಿದೆ. ಸಾಕ್ಷ್ಯಚಿತ್ರಗಳು, ಜಗತ್ತಿನ ಹಳೆಯ ಒಳ್ಳೆಯ ಸಿನಿಮಾಗಳು, ಸಣ್ಣ ಬಜೆಟ್ಟಿನ ಸ್ವತಂತ್ರ ಚಿತ್ರಗಳು, ಪ್ರೊಫೆಸರುಗಳ ಉಪನ್ಯಾಸ ಮಾಲೆಗಳು ಅಲ್ಲಿ ಹೆಚ್ಚು. 2021ರಲ್ಲಿ ಅದನ್ನು ಓವರ್‌ಡ್ರೈವ್ ಕಂಪನಿ ಕೊಂಡಿತು. ಇ-ಪುಸ್ತಕಕ್ಕೆ ನೀವು ಬಳಸುವ ಲಿಬ್ಬಿ ಆ್ಯಪ್ ಇದೆಯಲ್ಲ, ಅದೂ ಇದೇ ಕಂಪನಿಯದು.

ಹೂಪ್ಲಾ ಒಹಾಯೊ ರಾಜ್ಯದ ಮಿಡ್‌ವೆಸ್ಟ್ ಟೇಪ್ ಕಂಪನಿಯದು, 2013ರಲ್ಲಿ ಶುರುವಾಯಿತು. ಅಲ್ಲಿ ಸಿನಿಮಾ ಜೊತೆ ಆಡಿಯೊಬುಕ್, ಕಾಮಿಕ್ಸ್, ಸಂಗೀತವೂ ಸಿಗುತ್ತದೆ. ಎರವಲು ಪಡೆದ ಸಿನಿಮಾ 72 ಗಂಟೆ ನಿಮ್ಮದು, ಆಮೇಲೆ ತಾನಾಗಿ ವಾಪಸಾಗುತ್ತದೆ. ದಂಡದ ಭಯವಿಲ್ಲ. ಎರಡರಲ್ಲೂ ಸರದಿ ಕಾಯಬೇಕಿಲ್ಲ, ಒಂದೇ ಚಿತ್ರವನ್ನು ಇಡೀ ಊರು ಒಂದೇ ರಾತ್ರಿ ನೋಡಬಹುದು.

ಎರಡೂ ಫೋನಿನಲ್ಲಿ, ಟೀವಿಯಲ್ಲಿ ಕೂರುತ್ತವೆ. ಒಮ್ಮೆ ಕಾರ್ಡು ಜೋಡಿಸಿಟ್ಟರೆ ಊರಿಂದ ಬಂದ ಅಪ್ಪ ಅಮ್ಮ ತಾವೇ ಹಾಕಿಕೊಳ್ಳುತ್ತಾರೆ.

3. ಬಿಟ್ಟಿ ಅಂತ ಬಾಚಬೇಡಿ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಆದರೆ ಇಲ್ಲಿ ಬಿಟ್ಟಿ ನಿಮಗೆ ಮಾತ್ರ. ನೀವು ಪ್ಲೇ ಒತ್ತಿದಾಗಲೆಲ್ಲ ಲೈಬ್ರರಿಯ ಲೆಕ್ಕಕ್ಕೆ ಖರ್ಚು ಬೀಳುತ್ತದೆ.

ಡಿವಿಡಿ ಕಾಲದಲ್ಲಿ ಹೀಗಿರಲಿಲ್ಲ. ಅಮೆರಿಕದ ಕಾಪಿರೈಟ್ ಕಾನೂನಿನ ಪ್ರಕಾರ ಕೊಂಡ ಪುಸ್ತಕವನ್ನೋ ಡಿಸ್ಕನ್ನೋ ಮಾಲೀಕ ಯಾರಿಗೆ ಬೇಕಾದರೂ ಎರವಲು ಕೊಡಬಹುದು. ಲೈಬ್ರರಿ ಒಂದು ಸಲ ದುಡ್ಡು ಕೊಟ್ಟರೆ ಡಿಸ್ಕು ಸವೆಯುವ ತನಕ ನೂರು ಮನೆ ಸುತ್ತುತ್ತಿತ್ತು. ಸ್ಟ್ರೀಮಿಂಗ್‌ನಲ್ಲಿ ಕೊಳ್ಳುವುದು ಎಂಬುದೇ ಇಲ್ಲ, ಎಲ್ಲ ಬಾಡಿಗೆ. ಕನೋಪಿಯಲ್ಲಿ ಒಂದು ನೋಟಕ್ಕೆ ಸುಮಾರು 2 ಡಾಲರ್ ಲೈಬ್ರರಿಗಳ ಮೇಲೆ ಬೀಳುತ್ತಿತ್ತೆಂದು 2019ರ ವರದಿಗಳು ಹೇಳಿದ್ದವು. ಎರಡು ಡಾಲರ್ ಏನು ಮಹಾ ಎನ್ನಬೇಡಿ. ಲಕ್ಷಾಂತರ ಸದಸ್ಯರಿರುವ ಊರಿನಲ್ಲಿ ಅದು ಪುಸ್ತಕ ಕೊಳ್ಳುವ ದುಡ್ಡನ್ನೇ ತಿನ್ನತೊಡಗುತ್ತದೆ. ಸಿನಿಮಾ ಹೆಚ್ಚು ಜನಪ್ರಿಯವಾದಷ್ಟೂ ಲೈಬ್ರರಿಗೆ ಹೆಚ್ಚು ನಷ್ಟ. ಇಂಥ ವಿಚಿತ್ರ ವ್ಯವಹಾರ ಬೇರೆಲ್ಲೂ ಕಾಣದು.

ಇದರ ಪೆಟ್ಟು ಬಿದ್ದದ್ದು ನ್ಯೂಯಾರ್ಕಿನಲ್ಲಿ. ನ್ಯೂಯಾರ್ಕ್, ಬ್ರೂಕ್ಲಿನ್, ಕ್ವೀನ್ಸ್, ಈ ಮೂರೂ ಲೈಬ್ರರಿಗಳು ಖರ್ಚು ತಾಳಲಾರದೆ 2019ರ ಜುಲೈ 1ರಿಂದ ಕನೋಪಿ ನಿಲ್ಲಿಸಿದವು. ಸಿನಿಮಾಪ್ರಿಯರು ಬೊಬ್ಬೆ ಹೊಡೆದರು. ಲೈಬ್ರರಿಗಳ ಕಡೆಗೂ ನ್ಯಾಯವಿತ್ತು: ಇದೇ ದುಡ್ಡಿನಲ್ಲಿ ಹೆಚ್ಚು ಜನರಿಗೆ ಬೇಕಾದ ಪುಸ್ತಕ ಕೊಳ್ಳಬಹುದು. ನನ್ನ ಮಟ್ಟಿಗೆ ಎರಡೂ ಕಡೆಯವರು ಸರಿ, ತಪ್ಪಿದ್ದದ್ದು ನೋಟಕ್ಕಿಷ್ಟು ಎಂದು ಕಟ್ಟಿದ ಆ ದರದಲ್ಲಿ.

ಆದ್ದರಿಂದ ಎರಡು ನಿಮಿಷ ರುಚಿ ನೋಡಿ ಇನ್ನೊಂದಕ್ಕೆ ಹಾರುವ ಅಭ್ಯಾಸ ಇಲ್ಲಿ ಬೇಡ. ಆರಿಸಿಕೊಂಡು ಒತ್ತಿ. ಆರಿಸಿಕೊಡಲು ಜನ ಇದ್ದಾರೆ ಎಂದೆನಲ್ಲ, ಈಗ ಅವರ ಹತ್ತಿರ ಹೋಗೋಣ.

4. ಕೌಂಟರಿಗೆ ಹೋಗಿ ಬಾಯಿ ಬಿಟ್ಟು ಕೇಳಿ

ನಮ್ಮವರಿಗೆ ಇದೇ ಕಷ್ಟ. ಲೈಬ್ರರಿಯಲ್ಲಿ ಮಾತಾಡಬಾರದು ಎಂದು ಕಲಿತು ಬೆಳೆದವರು ನಾವು. ಅಲ್ಲಿ ಕೂತವರು ಬರೀ ಸೀಲು ಒತ್ತುವವರೆಂದು ತಿಳಿದಿದ್ದೇವೆ. ಅಮೆರಿಕದ ರೆಫರೆನ್ಸ್ ಡೆಸ್ಕಿನಲ್ಲಿ ಕೂತವರು ಸಾಮಾನ್ಯವಾಗಿ ಲೈಬ್ರರಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರು. ಬಂದವರ ಅರ್ಧಂಬರ್ಧ ಪ್ರಶ್ನೆಯಿಂದ ನಿಜವಾಗಿ ಬೇಕಾದ್ದೇನೆಂದು ಹೊರಗೆಳೆಯುವುದು ಅವರಿಗೆ ಪಾಠ ಹೇಳಿ ಕಲಿಸಿದ ವಿದ್ಯೆ. ಅವರ ಪಾಠದಲ್ಲಿ ಎಸ್. ಆರ್. ರಂಗನಾಥನ್ ಹೆಸರೂ ಬರುತ್ತದೆ. 1931ರಲ್ಲಿ ಮದರಾಸಿನಿಂದ ಐದು ಲೈಬ್ರರಿ ಸೂತ್ರಗಳನ್ನು ಕೊಟ್ಟವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು, 1962ರಲ್ಲಿ ಅಲ್ಲೇ ಡಾಕ್ಯುಮೆಂಟೇಷನ್ ತರಬೇತಿ ಕೇಂದ್ರ ಕಟ್ಟಿದವರು. ಬಂದವರ ಸಮಯ ಉಳಿಸಬೇಕು ಎಂಬುದು ಅವರ ನಾಲ್ಕನೇ ಸೂತ್ರ. ಮುಕ್ಕಾಲು ಗಂಟೆ ರಿಮೋಟ್ ಒತ್ತುವವರಿಗೆ ಇದಕ್ಕಿಂತ ಬೇಕಾದ ಸೂತ್ರ ಇನ್ಯಾವುದು?

ಕೇಳುವುದು ಹೇಗೆ? ಊರಿಂದ ಆರು ತಿಂಗಳಿಗೆ ಬಂದ ಅಮ್ಮ, ಪಕ್ಕದಲ್ಲಿ ಮಗಳು, ಎದುರಿಗೆ ಲೈಬ್ರರಿಯನ್ ಎಂದುಕೊಳ್ಳಿ.

"ಅಮ್ಮ, ನಿಂಗೆ ಎಂಥ ಸಿನಿಮಾ ಇಷ್ಟ ಅಂತ ಕೇಳ್ತಿದಾರೆ."

"ಯಾವುದಾದ್ರೂ ಆಗತ್ತೆ ಅನ್ನು."

"ಹಾಗಂದ್ರೆ ಅವರಿಗೆ ಏನು ಗೊತ್ತಾಗತ್ತೆ?"

"ಹೊಡೆದಾಟ ಬೇಡ ಕಣೇ. ಕೊನೇಲಿ ಎಲ್ಲರೂ ಸಾಯೋದೂ ಬೇಡ. ಊರು ಕೇರಿ, ಜನ ಕಾಣಬೇಕು. ಮಾತು ಗಡಿಬಿಡೀಲಿ ಓಡಬಾರ್ದು, ಕೆಳಗೆ ಬರೋ ಅಕ್ಷರ ಓದೋಷ್ಟರಲ್ಲಿ ಹೊರಟೇಹೋಗತ್ತೆ."

ಅಮ್ಮ ಏನೂ ಗೊತ್ತಿಲ್ಲದವರ ಹಾಗೆ ಮಾತಾಡಿದರು, ಆದರೆ ಲೈಬ್ರರಿಯನ್‌ಗೆ ಬೇಕಾದ್ದೆಲ್ಲ ಕೊಟ್ಟುಬಿಟ್ಟರು. ವೇಗ ನಿಧಾನ. ಧಾಟಿ ಹಗುರ. ಕಥೆಗಿಂತ ಜಾಗ ಮುಖ್ಯ, ಜನ ಮುಖ್ಯ. ಇಷ್ಟು ಸಿಕ್ಕರೆ ಒಳ್ಳೆಯ ಲೈಬ್ರರಿಯನ್ 'ಫೇಸಸ್ ಪ್ಲೇಸಸ್' ಕಡೆ ಕೈ ತೋರಿಸಬಹುದು. 2017ರ ಫ್ರೆಂಚ್ ಸಾಕ್ಷ್ಯಚಿತ್ರ. ತೊಂಬತ್ತರ ಹತ್ತಿರ ಬಂದ ನಿರ್ದೇಶಕಿ ಆನ್ಯೆಸ್ ವಾರ್ದಾ, ಮೊಮ್ಮಗನ ವಯಸ್ಸಿನ ಜೆಆರ್ ಎಂಬ ಫೋಟೊ ಕಲಾವಿದ, ಇಬ್ಬರೂ ಒಂದು ವ್ಯಾನಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಾರೆ. ಸಿಕ್ಕವರ ಫೋಟೊ ತೆಗೆದು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿ ಅವರ ಮನೆಗೇ ಅಂಟಿಸುತ್ತಾರೆ. ಬಂದರಿನ ಕೂಲಿಗಳ ಹೆಂಡತಿಯರು ಕಂಟೇನರ್ ರಾಶಿಯ ಮೇಲೆ ಮಹಡಿಯೆತ್ತರ ನಿಲ್ಲುತ್ತಾರೆ. ಗಣಿ ಕಾರ್ಮಿಕರ ಬೀದಿಯಲ್ಲಿ ಕೊನೆಯವಳಾಗಿ ಉಳಿದ ಹೆಂಗಸೊಬ್ಬಳು ತನ್ನ ಮನೆಯ ಗೋಡೆ ತುಂಬ ತನ್ನದೇ ಮುಖ ನೋಡಿ ಮಾತು ಬಾರದೆ ನಿಲ್ಲುತ್ತಾಳೆ. ಅಡಿಬರಹ ಅರ್ಧ ತಪ್ಪಿದರೂ ಈ ಸಿನಿಮಾ ತಪ್ಪುವುದಿಲ್ಲ.

ಓಟಿಟಿಯ 'ಟಾಪ್ ಟೆನ್' ಪಟ್ಟಿಗೆ ಅಮ್ಮನ ಕಣ್ಣಿನ ವೇಗ ಗೊತ್ತಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಕೇಳಿದವರಿಗೆ ಸಿಗುತ್ತದೆ.

5. ಏನು ನೋಡಿದಿರಿ ಎನ್ನುವುದಕ್ಕಿಂತ ಯಾಕೆ ಹಿಡಿಸಿತು ಎಂದು ಹೇಳಿ

ಪುಸ್ತಕ ಸೂಚಿಸುವ ಲೈಬ್ರರಿಯನ್‌ಗಳು ಬಹಳ ಕಾಲದಿಂದ ಒಂದು ದಾರಿ ಹಿಡಿದಿದ್ದಾರೆ. ಕಥೆ ಏನೆಂದು ನೋಡುವುದಕ್ಕಿಂತ ಓದುಗನನ್ನು ಎಳೆದದ್ದು ಯಾವುದು ಎಂದು ನೋಡುವುದು. ಜಾಯ್ಸ್ ಸಾರಿಕ್ಸ್ ಎಂಬ ಲೈಬ್ರರಿಯನ್ ಇದನ್ನು ವೇಗ, ಪಾತ್ರ, ಕಥೆಯ ಹೆಣಿಗೆ, ಒಟ್ಟು ವಾತಾವರಣ ಎಂದು ವಿಂಗಡಿಸಿದರು. ಸಿಯಾಟಲ್‌ನ ನ್ಯಾನ್ಸಿ ಪರ್ಲ್ ಹೇಳಿದ್ದು ನಾಲ್ಕು ಬಾಗಿಲು: ಕಥೆ, ಪಾತ್ರ, ಸ್ಥಳ, ಭಾಷೆ. ಒಬ್ಬೊಬ್ಬರು ಒಂದೊಂದು ಬಾಗಿಲಿನಿಂದ ಪುಸ್ತಕದ ಒಳಗೆ ಹೋಗುತ್ತಾರೆ. ಸಿನಿಮಾಕ್ಕೂ ಇದು ಅಷ್ಟೇ ನಿಜ.

ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ರಾಮ್ ರೆಡ್ಡಿಯವರ 'ತಿಥಿ' ನಿಮಗೆ ಬಹಳ ಹಿಡಿಸಿತು. ಮಂಡ್ಯದ ಕಡೆಯ ಹಳ್ಳಿ, ನಟನೆ ಗೊತ್ತಿಲ್ಲದ ಊರಿನವರೇ ನಟರು, ಸೆಂಚುರಿ ಗೌಡ ಸತ್ತ ಮೇಲಿನ ಹನ್ನೊಂದು ದಿನ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಗೆದ್ದ ಚಿತ್ರ. "ನನಗೆ ಭಾರತದ ಹಳ್ಳಿಯ ಸಿನಿಮಾ ಬೇಕು" ಎಂದರೆ ಲೈಬ್ರರಿಯನ್ ಕಪಾಟಿನ 'ಭಾರತ' ವಿಭಾಗ ತೋರಿಸಿ ಸುಮ್ಮನಾಗುತ್ತಾರೆ. "ನಟರಲ್ಲದವರು ನಟಿಸಬೇಕು, ಸಣ್ಣ ಕೆಲಸವೊಂದು ದೊಡ್ಡ ಫಜೀತಿಯಾಗಬೇಕು, ನಗುವೂ ಬರಬೇಕು ಎದೆಯೂ ಭಾರವಾಗಬೇಕು" ಎಂದರೆ ದಾರಿ ಇರಾನಿನತ್ತ ತಿರುಗಬಹುದು. ಅಬ್ಬಾಸ್ ಕಿಯರೊಸ್ತಮಿಯ 1987ರ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಚಿತ್ರದಲ್ಲಿ ಹುಡುಗನೊಬ್ಬ ಸಹಪಾಠಿಯ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿದ್ದಾನೆ. ನಾಳೆ ಅದಿಲ್ಲದಿದ್ದರೆ ಮೇಷ್ಟ್ರು ಗೆಳೆಯನನ್ನು ಶಾಲೆಯಿಂದ ಓಡಿಸುತ್ತಾರೆ. ಪಕ್ಕದ ಊರಿಗೆ ಓಡುತ್ತಾನೆ, ಮನೆ ಯಾವುದೆಂದು ಗೊತ್ತಿಲ್ಲ. ಇಡೀ ಸಿನಿಮಾ ಇಷ್ಟೇ. ಮಂಡ್ಯದಿಂದ ಆ ಹುಡುಗನ ಕೋಕರ್ ಹಳ್ಳಿಗೆ ಈ ದಾರಿ ನಾನು ಹಾಕಿದ್ದು. ನಿಮ್ಮ ಲೈಬ್ರರಿಯನ್ ಇನ್ನೊಂದು ಹಾಕಿಯಾರು, ಅದೇ ಇದರ ಸ್ವಾರಸ್ಯ.

6. ಬೇಡದ್ದನ್ನು ಮೊದಲು ಹೇಳಿ

ರಕ್ತ ಬೇಡ, ನಾಯಿ ಸಾಯುವುದು ಬೇಡ, ಮಾವನವರ ಜೊತೆ ಕೂತು ನೋಡಲಾಗದ ದೃಶ್ಯ ಬೇಡ. ನಾಚಿಕೆ ಬಿಟ್ಟು ಹೇಳಿ. ಅವರಿಗೆ ಇದು ದಿನನಿತ್ಯದ ಮಾತು.

7. ಮೂರು ತಲೆಮಾರು ಒಟ್ಟಿಗೆ ಕೂತರೆ ಮೂಕಿ ಚಿತ್ರ ಹಾಕಿ

ಅಜ್ಜನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮೊಮ್ಮಗನಿಗೆ ಕನ್ನಡ ಅಷ್ಟಕ್ಕಷ್ಟೆ. ಇಂಥ ಮನೆಗೆ ಬಸ್ಟರ್ ಕೀಟನ್‌ಗಿಂತ ಒಳ್ಳೆಯ ಅತಿಥಿ ಇಲ್ಲ. 1924ರ 'ಷರ್ಲಾಕ್ ಜೂನಿಯರ್' ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲಿ ರೈಲಿನ ಮೇಲೆ ಓಡುವ ಕೀಟನ್ ನೀರಿನ ಟ್ಯಾಂಕಿನ ಕೊಳವೆ ಹಿಡಿದು ಜೋತು ಬೀಳುವ ದೃಶ್ಯವಿದೆ. ಧುಮ್ಮಿಕ್ಕಿದ ನೀರು ಅವನನ್ನು ಹಳಿಗೆ ಅಪ್ಪಳಿಸಿತು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟದ್ದು ಗೊತ್ತಾದದ್ದು ವರ್ಷಗಳ ನಂತರ, ಬೇರಾವುದಕ್ಕೋ ಎಕ್ಸ್‌ರೇ ತೆಗೆದಾಗ. ದೃಶ್ಯ ಮುಗಿದ ಮೇಲೆ ಇದನ್ನು ಮೊಮ್ಮಗನಿಗೆ ಹೇಳಿ. ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಓಡಿಸಿ ನೋಡುತ್ತಾನೆ. 1926ರ 'ದ ಜನರಲ್' ಇನ್ನೂ ದೊಡ್ಡ ಸಾಹಸ, ಅದಕ್ಕೆ ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ.

8. ಪಟ್ಟಿಯನ್ನಲ್ಲ, ಪಟ್ಟಿ ಮಾಡಿದವರನ್ನು ಹಿಂಬಾಲಿಸಿ

ಬಹಳಷ್ಟು ಲೈಬ್ರರಿಗಳಲ್ಲಿ 'ಸ್ಟಾಫ್ ಪಿಕ್ಸ್' ಎಂದು ಸಿಬ್ಬಂದಿ ಆರಿಸಿದ ಸಿನಿಮಾಗಳ ಪಟ್ಟಿ ಇರುತ್ತದೆ. ಕಪಾಟಿನ ಅಂಚಿಗೆ ಸಿಕ್ಕಿಸಿದ ಚೀಟಿಯಲ್ಲಿ ಎರಡು ಸಾಲಿನ ಶಿಫಾರಸು, ಕೆಳಗೆ ಹೆಸರು. ಹೆಸರು ಗಮನಿಸಿ. ಒಬ್ಬರು ಹಳೆಯ ಜಪಾನೀ ಚಿತ್ರಗಳ ಹುಚ್ಚರು, ಇನ್ನೊಬ್ಬರಿಗೆ ಭೂತದ ಸಿನಿಮಾ ಬಿಟ್ಟರೆ ಇನ್ನೇನೂ ರುಚಿಸದು. ನಾಲ್ಕು ಸಲದಲ್ಲಿ ಯಾರ ಅಭಿರುಚಿ ನಿಮಗೆ ಹೊಂದುತ್ತದೆಂದು ತಿಳಿದುಬಿಡುತ್ತದೆ. ನಾಲ್ಕು ಸಲವೂ ನಿರಾಸೆ ಮಾಡಿದವರ ಹೆಸರೂ ಉಪಯೋಗಕ್ಕೆ ಬರುತ್ತದೆ: ಅವರು ಹೊಗಳಿದ್ದನ್ನು ಬಿಟ್ಟುಬಿಡಿ.

9. ಹಿಡಿಸದಿದ್ದರೆ ಎದ್ದು ಹೋಗಿ

ನ್ಯಾನ್ಸಿ ಪರ್ಲ್ ಹೇಳಿದ ಇನ್ನೊಂದು ನಿಯಮವಿದೆ. ನಿಮಗೆ ಐವತ್ತು ತುಂಬಿಲ್ಲವಾದರೆ ಪುಸ್ತಕಕ್ಕೆ 50 ಪುಟ ಅವಕಾಶ ಕೊಡಿ. ಐವತ್ತು ದಾಟಿದ್ದರೆ ನೂರರಿಂದ ವಯಸ್ಸು ಕಳೆದು, ಉಳಿದಷ್ಟು ಪುಟ ಸಾಕು. ಪುಟದ ಜಾಗದಲ್ಲಿ ನಿಮಿಷ ಹಾಕಿಕೊಳ್ಳಿ. ಎಪ್ಪತ್ತರ ಅಪ್ಪ ಅರ್ಧ ಗಂಟೆ ಕೊಟ್ಟರೆ ಧಾರಾಳ. ಲೈಬ್ರರಿಯ ದುಡ್ಡು ಹೇಗೂ ಹೋಯಿತು, ಅದಕ್ಕೆ ನಿಮ್ಮ ಎರಡು ಗಂಟೆಯನ್ನೂ ಸೇರಿಸಬೇಕೆಂದಿಲ್ಲ. ಮೂರನೇ ಸೂತ್ರಕ್ಕೆ ಇದು ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಹೇಳಿದ್ದು ಆರಿಸುವ ಮುನ್ನ ಯೋಚಿಸಿ ಎಂದು, ಇಲ್ಲಿ ಹೇಳುತ್ತಿರುವುದು ಆರಿಸಿದ ಮೇಲೆ ಹಠ ಬೇಡ ಎಂದು.

10. ಲೈಬ್ರರಿಯನ್‌ಗಳ ಬಗೆಗಿನ ಸಿನಿಮಾ ನೋಡಿ, ಕೆಲಸ ಅರ್ಥವಾಗುತ್ತದೆ

ಫ್ರೆಡರಿಕ್ ವೈಸ್‌ಮನ್ ಅವರ 'ಎಕ್ಸ್ ಲಿಬ್ರಿಸ್' (2017) ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಒಳಗೆ ತಿರುಗಾಡುವ ಸಾಕ್ಷ್ಯಚಿತ್ರ, 197 ನಿಮಿಷ. ವಿವರಣೆ ಇಲ್ಲ, ಸಂದರ್ಶನ ಇಲ್ಲ, ಕ್ಯಾಮೆರಾ ಸುಮ್ಮನೆ ಕೂತು ನೋಡುತ್ತದೆ. ದೂರವಾಣಿ ವಿಭಾಗದ ಸಿಬ್ಬಂದಿಯೊಬ್ಬರಿಗೆ ಯಾರೋ ಯೂನಿಕಾರ್ನ್ ಬಗ್ಗೆ ಕೇಳುತ್ತಾರೆ. ನಗದೆ, ಬೇಸರಿಸದೆ, ಅದೊಂದು ಕಾಲ್ಪನಿಕ ಪ್ರಾಣಿ ಎಂದು ಅವರು ತಿಳಿಸುತ್ತಾರೆ, ಹಳೆಯ ಗ್ರಂಥಗಳಲ್ಲಿ ಅದರ ಉಲ್ಲೇಖ ಹುಡುಕಿಕೊಡುತ್ತಾರೆ. ನಿಮ್ಮ ಸಿನಿಮಾ ಪ್ರಶ್ನೆ ಪೆದ್ದುಪೆದ್ದಾಗಿದೆ ಎಂಬ ಅಳುಕಿದ್ದರೆ ಈ ದೃಶ್ಯದ ಎದುರು ಉಳಿಯುವುದಿಲ್ಲ. ವೈಸ್‌ಮನ್ ಚಿತ್ರಗಳು 2018ರಲ್ಲಿ ಕನೋಪಿಗೆ ಬಂದವು. ಮರುವರ್ಷವೇ ನ್ಯೂಯಾರ್ಕಿನ ಲೈಬ್ರರಿ ಕನೋಪಿ ಬಿಟ್ಟಿತು. ತಮ್ಮದೇ ಲೈಬ್ರರಿಯ ಮೇಲಿನ ಚಿತ್ರವನ್ನು ಆ ಊರಿನವರು ಆ ದಾರಿಯಲ್ಲಿ ನೋಡಲಾಗದೆ ಹೋಯಿತು.

1957ರ 'ಡೆಸ್ಕ್ ಸೆಟ್' ಹಗುರವಾದ ಪ್ರೇಮಕಥೆ. ಕ್ಯಾಥರಿನ್ ಹೆಪ್‌ಬರ್ನ್ ಟೀವಿ ಕಂಪನಿಯೊಂದರ ರೆಫರೆನ್ಸ್ ವಿಭಾಗದ ಮುಖ್ಯಸ್ಥೆ, ಸ್ಪೆನ್ಸರ್ ಟ್ರೇಸಿ ಅಲ್ಲಿಗೆ ಕಂಪ್ಯೂಟರ್ ತಂದು ಕೂರಿಸುವ ಎಂಜಿನಿಯರ್. ಕೆಲಸ ಹೋಗುತ್ತದೆಂದು ಹೆಂಗಸರೆಲ್ಲ ನಡುಗುತ್ತಿದ್ದರೆ, ಯಂತ್ರಕ್ಕೆ ಕೋರ್ಫು ದ್ವೀಪದ ಬಗ್ಗೆ ಕೇಳಿದಾಗ ಅದು ಕರ್ಫ್ಯೂ ಎಂದು ತಿಳಿದು ಹಳೆಯ ಪದ್ಯವೊಂದನ್ನು ಒದರತೊಡಗುತ್ತದೆ. ಈಗಿನ ಎಐ ಗಲಾಟೆಯ ನಡುವೆ ನೋಡಿದರೆ ನಗು ಜಾಸ್ತಿ.

1995ರ 'ಪಾರ್ಟಿ ಗರ್ಲ್' ಚಿತ್ರದಲ್ಲಿ ಕುಣಿದು ಕುಪ್ಪಳಿಸುವ ಹುಡುಗಿಯೊಬ್ಬಳು ಗತಿಯಿಲ್ಲದೆ ಲೈಬ್ರರಿ ಗುಮಾಸ್ತೆಯಾಗುತ್ತಾಳೆ. ಕೊನೆಗೆ ಪುಸ್ತಕ ವಿಂಗಡಿಸುವ ಡ್ಯೂವಿ ಪದ್ಧತಿ ತಲೆಗೇರಿ, ಜೊತೆಯಲ್ಲಿರುವ ಡಿಜೆ ಹುಡುಗನ ಗ್ರಾಮಫೋನ್ ತಟ್ಟೆಗಳನ್ನೆಲ್ಲ ಅದೇ ಕ್ರಮದಲ್ಲಿ ಜೋಡಿಸಿಡುತ್ತಾಳೆ. ಆ ವರ್ಷದ ಜೂನ್‌ನಲ್ಲೇ ಈ ಚಿತ್ರ ಇಂಟರ್ನೆಟ್ ಮೂಲಕ ಪ್ರಸಾರವಾಗಿತ್ತು, ಸ್ಟ್ರೀಮಿಂಗ್ ಎಂಬುದು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ.

11. ಆ್ಯಪಿನಲ್ಲಿ ಸಿಗದಿದ್ದರೆ ಕೈಚೆಲ್ಲಬೇಡಿ

ಕರಾರು ಮುಗಿದಂತೆ ಸಿನಿಮಾಗಳು ಬರುತ್ತವೆ, ಹೋಗುತ್ತವೆ. ಈ ಬರಹದಲ್ಲಿ ಹೆಸರಿಸಿದ ಚಿತ್ರವೂ ನೀವು ಹುಡುಕುವ ದಿನ ಅಲ್ಲಿ ಇಲ್ಲದಿರಬಹುದು. ಡಿವಿಡಿ ಕಪಾಟು ನೋಡಿ. ಅಲ್ಲೂ ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡಿ ಎಂದು ಕೇಳಿ, ಲೈಬ್ರರಿಗಳ ನಡುವೆ ಎರವಲಿನ ಏರ್ಪಾಡಿದೆ. ಡಿಸ್ಕ್ ಪ್ಲೇಯರನ್ನು ಗುಜರಿಗೆ ಹಾಕಬೇಡಿ.

12. ತಾರೀಖು, ಗಡಿಯಾರ ಎರಡನ್ನೂ ನೋಡಿಕೊಳ್ಳಿ

ಕನೋಪಿ 2023ರಲ್ಲಿ ಟಿಕೆಟ್ ಪದ್ಧತಿಗೆ ಬಂತು. ತಿಂಗಳಿಗೆ ಇಷ್ಟು ಟಿಕೆಟ್ ಎಂದು ನಿಮ್ಮ ಲೈಬ್ರರಿ ಗೊತ್ತುಮಾಡುತ್ತದೆ, ಯಾವ ಚಿತ್ರಕ್ಕೆ ಎಷ್ಟು ಎಂದು ಒತ್ತುವ ಮುನ್ನವೇ ಕಾಣುತ್ತದೆ. ಉಳಿದದ್ದು ಮುಂದಿನ ತಿಂಗಳಿಗೆ ಸೇರುವುದಿಲ್ಲ. ಹೂಪ್ಲಾದಲ್ಲಿ ಇಡೀ ಲೈಬ್ರರಿಗೇ ದಿನದ ಮಿತಿ ಇರುವುದುಂಟು. ಸಂಜೆ ಇವತ್ತಿನ ಕೋಟಾ ಮುಗಿಯಿತು ಎಂದು ತೋರಿಸಿದರೆ ಬೇಸರ ಬೇಡ. ಬೆಳಿಗ್ಗೆ ಕಾಫಿ ಹೊತ್ತಿಗೆ ಎರವಲು ಹಾಕಿಕೊಳ್ಳಿ, ರಾತ್ರಿ ನೋಡಿ, 72 ಗಂಟೆ ಇದೆಯಲ್ಲ.

13. ನೀವು ಕೇಳಿದ್ದು ಅಲ್ಲೇ ಉಳಿಯುತ್ತದೆ

1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನಾಮಕರಣಗೊಂಡ ರಾಬರ್ಟ್ ಬೋರ್ಕ್ ಯಾವ ಯಾವ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಪಡೆದಿದ್ದರೆಂದು ವಾಷಿಂಗ್ಟನ್ನಿನ ವಾರಪತ್ರಿಕೆಯೊಂದು ಪಟ್ಟಿಯನ್ನೇ ಅಚ್ಚು ಹಾಕಿತು. ಪಟ್ಟಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಸಂಸದರೆಲ್ಲ ತಮ್ಮ ತಮ್ಮ ಕ್ಯಾಸೆಟ್ ನೆನೆದು ಬೆವತಿರಬೇಕು, ಮರುವರ್ಷವೇ ವಿಡಿಯೊ ಗೋಪ್ಯತೆಯ ಕಾನೂನು ಬಂತು. ಓದುಗ ಏನು ಓದಿದ ಎಂದು ಹೊರಗೆ ಬಿಡದಿರುವುದು ಲೈಬ್ರರಿಯನ್‌ಗಳಿಗೆ ಅದಕ್ಕೂ ಹಳೆಯ ವ್ರತ. ಆ್ಯಪುಗಳು ಮಾತ್ರ ಹೊರಗಿನ ಕಂಪನಿಗಳವು, ಅವುಗಳ ನಿಯಮ ಅವುಗಳದು. ಸಂಕೋಚದ ವಿಷಯವಿದ್ದರೆ, ವಿಚ್ಛೇದನವೋ ಖಿನ್ನತೆಯೋ ಮಗನ ಕುಡಿತವೋ, ಅದರ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರ ಬೇಕಿದ್ದರೆ ಕೌಂಟರಿನಲ್ಲಿ ಮೆಲ್ಲಗೆ ಕೇಳುವುದೇ ಒಳ್ಳೆಯದು.

14. ಕನ್ನಡ ಚಿತ್ರ ಬೇಕೆಂದು ಬರೆದು ಕೊಡಿ

ಕನ್ನಡ ಸಿನಿಮಾ ಇಲ್ಲ ಎಂದು ಗೊಣಗುವವರು ಸಾಕಷ್ಟಿದ್ದಾರೆ, ಕೋರಿಕೆ ಅರ್ಜಿ ತುಂಬುವವರು ಕಡಿಮೆ. ಹೊಸ ಪುಸ್ತಕ, ಚಿತ್ರ ತರಿಸಿ ಎಂದು ಸದಸ್ಯರು ಸೂಚಿಸುವ ಅರ್ಜಿ ಬಹುತೇಕ ಲೈಬ್ರರಿಗಳಲ್ಲಿದೆ. ಲೈಬ್ರರಿಯಾದರೋ ಯೂಟ್ಯೂಬಿನಿಂದ ಇಳಿಸಿ ಹಾಕುವಂತಿಲ್ಲ. ವಿತರಕರು ಹಕ್ಕು ಕೊಟ್ಟದ್ದನ್ನು ಮಾತ್ರ ತರಿಸಬಲ್ಲದು. ಹಾಗಾಗಿ ಚಿತ್ರದ ಹೆಸರು, ನಿರ್ದೇಶಕರು, ವರ್ಷ, ಡಿವಿಡಿ ಅಥವಾ ಸ್ಟ್ರೀಮಿಂಗ್ ಹಕ್ಕು ಯಾರ ಬಳಿ ಇದೆ ಎಂಬುದನ್ನು ತಿಳಿದು ಬರೆಯಿರಿ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಕೇಳಲು ಇದು ಒಳ್ಳೆಯ ಕಾಲ. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಷನ್ ಸೇರಿ ಮರುರೂಪ ಕೊಟ್ಟ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ಒಬ್ಬರ ಅರ್ಜಿ ಕಡತಕ್ಕೆ ಹೋಗುತ್ತದೆ. ಕನ್ನಡ ಕೂಟದ ನಲವತ್ತು ಮನೆಯವರು ಒಂದೇ ತಿಂಗಳಲ್ಲಿ ಕೇಳಿದರೆ ಸಭೆಯಲ್ಲಿ ಮಾತಾಗುತ್ತದೆ. ಹೇಗೂ ಕಾರ್ಡಿದೆ ಎಂದು ಆ್ಯಪಿನ ಸಿನಿಮಾವನ್ನು ಕೂಟದ ಹಾಲಿನಲ್ಲಿ ಎಲ್ಲರಿಗೂ ತೋರಿಸಲು ಹೋಗಬೇಡಿ. ಕಾರ್ಡಿನ ಅನುಮತಿ ಮನೆಯೊಳಗಿನ ನೋಟಕ್ಕೆ, ಸಾರ್ವಜನಿಕ ಪ್ರದರ್ಶನಕ್ಕೆ ಬೇರೆ ಹಕ್ಕು ಪಡೆಯಬೇಕು.

15. ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ

ಆ ಕಾರ್ಡುಗಳು ನಮಗೆ ಸಿಗವು. ಕಾರ್ಡೇ ಬೇಡದ ಎರಡು ಜಾಗಗಳಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ 'ನ್ಯಾಷನಲ್ ಸ್ಕ್ರೀನಿಂಗ್ ರೂಮ್' ತೆರೆದು, ತನ್ನ ಸಂಗ್ರಹದ ಹಳೆಯ ಚಿತ್ರಗಳನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 2009ರಿಂದ ತನ್ನ ಚಿತ್ರಗಳನ್ನು ಹಾಗೆಯೇ ತೋರಿಸುತ್ತಿದೆ. ಅಲ್ಲಿ ನಾರ್ಮನ್ ಮೆಕ್‌ಲಾರೆನ್ ಅವರ 'ನೇಬರ್ಸ್' (1952) ಹುಡುಕಿ. ಎಂಟು ನಿಮಿಷ, ಮಾತಿಲ್ಲ. ಅಕ್ಕಪಕ್ಕದ ಮನೆಯವರಿಬ್ಬರು ಎರಡೂ ಮನೆಗಳ ಗಡಿಯಲ್ಲಿ ಅರಳಿದ ಒಂದು ಹೂವಿಗಾಗಿ ಹೊಡೆದಾಡುತ್ತಾರೆ. ಸೈಟಿನ ಗಡಿ ಜಗಳ ಕಂಡವರಿಗೆ ವಿವರಣೆ ಬೇಕಿಲ್ಲ.

ಇನ್ನು ನಮ್ಮ ಲೈಬ್ರರಿಗಳು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಪಟ್ಟಣದ ಮನೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಅಮೆರಿಕದವರು ತೆರಿಗೆ ಕಟ್ಟಿ ಸಿನಿಮಾ ಕೇಳುತ್ತಾರೆ, ನಾವು ತೆರಿಗೆ ಕಟ್ಟಿ ಸುಮ್ಮನಿರುತ್ತೇವೆ. ಈ ಸಲ ಕಂದಾಯದ ರಸೀದಿ ತೆಗೆದು ಆ ಸಾಲು ನೋಡಿ, ಆಮೇಲೆ ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ ನಿಮಗೆ ಬೇಕಾದ್ದನ್ನು ಕೇಳಿ.